ಮಂತ್ರವಾದಿ ನುಂಗಿದ ಹನ್ನೊಂದು ದನಿ

ಬಹಳ ಹಿಂದೆ, ಏಳು ಕೆರೆಗಳ ಆಚೆ, ಹಾಲಗೇರಿ ಎಂಬ ರಾಜ್ಯವಿತ್ತು. ಅಲ್ಲಿ ರಾಚಪ್ಪನೆಂಬವನು ಒಂದು ಪುಟ್ಟ ನಾಟಕ ಮಂಡಳಿ ಕಟ್ಟಿದ್ದ. ಹನ್ನೆರಡು ಜನ, ಎರಡು ಬಂಡಿ, ಒಂದು ಬಣ್ಣದ ಪರದೆ. ಊರೂರು ತಿರುಗಿ, ಚಪ್ಪರ ಹಾಕಿ ಆಡುತ್ತಿದ್ದರು. ರಾಚಪ್ಪನೂ ಸೇರಿ ಹನ್ನೊಂದು ಜನ ಬಣ್ಣ ಹಚ್ಚುತ್ತಿದ್ದರು. ಹನ್ನೆರಡನೆಯವಳು ಸಾತವ್ವ. ಪರದೆಯ ಮರೆಯಲ್ಲಿ ಕೂತು, ಮಾತು ಮರೆತವರಿಗೆ ಪಿಸುದನಿಯಲ್ಲಿ ನೆನಪಿಸುವುದು ಅವಳ ಕೆಲಸ. ಎಲ್ಲರ ಮಾತೂ ಅವಳಿಗೆ ಬಾಯಿಪಾಠ. ಆದರೆ ರಂಗದ ಮೇಲೆ ಬಾ ಎಂದರೆ ಪರದೆಯ ಹಿಂದಕ್ಕೆ ಸರಿದುಬಿಡುತ್ತಿದ್ದಳು.

ಆ ರಾಜ್ಯವನ್ನು ಕಾಳಜಂಘನೆಂಬ ಮಂತ್ರವಾದಿ ಹೆದರಿಸಿ ಇಟ್ಟಿದ್ದ. ಒಂದು ಸಂಜೆ ಮಂಡಳಿಯ ಹಾಸ್ಯಗಾರ ಅವನ ಬೀಗುವ ನಡಿಗೆಯನ್ನು ಅಣಕಿಸಿದ. ಜನ ಹೊಟ್ಟೆ ಹಿಡಿದು ನಕ್ಕರು. ಅಷ್ಟರಲ್ಲಿ ಮಂತ್ರವಾದಿಯೇ ಬಂದು ನಿಂತ. ಬಾಯಿ ತೆರೆದು ಉಸಿರೆಳೆದ. ರಂಗದ ಮೇಲಿದ್ದ ಹನ್ನೊಂದು ಜನರ ದನಿ ಅವನ ಬಾಯೊಳಗೆ ಹೋಯಿತು. ಅವನು ಬಾಯಿ ಮುಚ್ಚಿ ಹೊರಟುಹೋದ. ದನಿಗಳು ಹೊರಬಂದಾವೆಂದು ಮತ್ತೆ ತೆರೆಯಲೇ ಇಲ್ಲ. ಅನ್ನದ ಹಬೆ ಮೂಸಿ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದ. ಅವನ ಪರವಾಗಿ ಹೆಗಲ ಮೇಲಿನ ಗಿಣಿ ಮಾತಾಡುತ್ತಿತ್ತು.

ಮರೆಯಲ್ಲಿದ್ದ ಸಾತವ್ವನ ದನಿ ಮಾತ್ರ ಉಳಿಯಿತು. ಮೂಕರಾದ ಹನ್ನೊಂದು ಜನರನ್ನು ಕರೆದುಕೊಂಡು ಅವಳು ಕೋಟೆಗೆ ಹೋದಳು.

ಕೋಟೆಯ ಗೋಡೆಯ ಮೇಲೆ ಬಂದು ಕೂತು ಗಿಣಿ ಹೇಳಿತು: “ದನಿ ಮರಳಿ ಬೇಕಾದರೆ ಮೂರು ಬಾಗಿಲು ದಾಟಬೇಕು. ಕಬ್ಬಿಣದ ಹುಲಿ ಅಳಬೇಕು. ಕಲ್ಲಿನ ಕರಡಿ ನಗಬೇಕು. ಒಡೆಯರು ಬಾಯಿ ತೆರೆಯಬೇಕು. ಸೋತರೆ ನಿನ್ನ ದನಿಯೂ ಹೋಗುತ್ತದೆ.”

ಮೊದಲ ಬಾಗಿಲಲ್ಲಿ ಹುಲಿ ಹೇಳಿತು: “ಅತ್ತರೆ ನನಗೆ ತುಕ್ಕು ಹಿಡಿಯುತ್ತದೆ. ಸುಮ್ಮನೆ ಮನೆಗೆ ಹೋಗಮ್ಮ.”

ಮಗನನ್ನು ಯುದ್ಧಕ್ಕೆ ಕಳಿಸಿದ ತಾಯಿಯ ಆಟವನ್ನು ಆಡಿದರು. ಹನ್ನೊಂದು ಜನ ಅಭಿನಯಿಸಿದರು, ಸಾತವ್ವ ಒಬ್ಬಳೇ ಎಲ್ಲರ ಮಾತನ್ನೂ ಆಡಿದಳು. ಕೊನೆಗೆ ಹುಲಿಯ ಕಣ್ಣಿಂದ ನೀರು ಇಳಿಯಿತು, ದವಡೆ ತುಕ್ಕು ಹಿಡಿದು ಬಿಗಿಯಿತು.

ಎರಡನೆಯ ಬಾಗಿಲಲ್ಲಿ ಮದುವೆಮನೆಯ ಆಟ. ಗಾಬರಿಯಲ್ಲಿ ಸಾತವ್ವ ಮದುಮಗನ ಮಾತನ್ನು ಅತ್ತೆಯ ಬಾಯಿಗೆ ಹಾಕಿಬಿಟ್ಟಳು. ಕೆಟ್ಟೆವು ಎಂದುಕೊಂಡಳು. ಕರಡಿ ಎಷ್ಟು ನಕ್ಕಿತೆಂದರೆ ಅದರ ಮೈ ಬಿರುಕುಬಿಟ್ಟು ಪುಡಿಯಾಯಿತು.

ಮೂರನೆಯ ಬಾಗಿಲಲ್ಲಿ ಕಾಳಜಂಘ ತುಟಿ ಬಿಗಿದು ಕೂತಿದ್ದ. ಸಾತವ್ವ ಒಂದು ಆಟ ಎತ್ತಿಕೊಂಡಳು. “ಒಡೆಯರು ನೋಡಿದ್ದಾರೆ,” ಎಂದಿತು ಗಿಣಿ. ಇನ್ನೊಂದು. “ಅದನ್ನೂ ನೋಡಿದ್ದಾರೆ.” ಬಲ್ಲ ಆಟಗಳೆಲ್ಲ ಮುಗಿದವು. ಆಗ ರಾಚಪ್ಪ ತನ್ನ ಎದೆ ಮುಟ್ಟಿ ತೋರಿಸಿದ, ಆಮೇಲೆ ಅವಳನ್ನು, ಆಮೇಲೆ ಉಳಿದವರನ್ನು. ನಮ್ಮದೇ ಕತೆ ಹೇಳು ಎಂದು.

ಅವಳು ಶುರುಮಾಡಿದಳು. ಹರಿದ ಸೀರೆಯನ್ನೇ ಪರದೆ ಮಾಡಿ ರಾಚಪ್ಪ ಆಡಿದ ಮೊದಲ ಆಟ. ಮಂಡಳಿಯ ಮೊದಲ ನಾಯಕಿ, ರಾಚಪ್ಪನ ಹೆಂಡತಿ ತುಂಗವ್ವ. ಊರಿಂದ ಊರಿಗೆ ಹೋಗುವಾಗ ತುಂಬಿದ ಹೊಳೆ, ಮಗುಚಿದ ಬಂಡಿ.

“ನಾನು ಬಂಡಿಯ ಗಾಲಿ ಹಿಡಿದಿದ್ದೆ. ಇನ್ನೊಂದು ಕೈಯಲ್ಲಿ ತುಂಗವ್ವನ ಕೈ ಇತ್ತು...”

ಅಲ್ಲಿಗೆ ಅವಳು ಕತೆ ನಿಲ್ಲಿಸಿದಳು. ಮುಂದಿನದನ್ನು ಅವಳು ಇಪ್ಪತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ಕೋಟೆ, ಗಿಣಿ, ಪಣ, ಎಲ್ಲ ಮರೆತುಹೋಯಿತು. ಅವಳು ತಲೆ ತಗ್ಗಿಸಿ ನಿಂತಳು.

ಕಾಳಜಂಘ ಮುಂದಕ್ಕೆ ಬಾಗಿದ. ಕಾದ. ತಡೆಯಲಾಗಲಿಲ್ಲ.

“ಆಮೇಲೆ?” ಎಂದ.

ತೆರೆದ ಬಾಯಿಂದ ಹನ್ನೊಂದು ದನಿ ಹಕ್ಕಿಗಳಂತೆ ಹಾರಿ ತಮ್ಮ ತಮ್ಮವರ ಗಂಟಲು ಸೇರಿದವು. ಅವುಗಳ ಹಿಂದೆಯೇ ಅವನ ಮಂತ್ರಗಳೂ ಹೊರಬಿದ್ದು ಹೊಗೆಯಾಗಿ ಹೋದವು. ಪೀಠದ ಮೇಲೆ ಬರಿಯ ಮುದುಕನೊಬ್ಬ ಉಳಿದ.

ಸಾತವ್ವ ಅದನ್ನು ನೋಡಲೇ ಇಲ್ಲ. “ನಾನು ಅವಳ ಕೈ ಬಿಟ್ಟೆ, ಯಜಮಾನರೇ,” ಎಂದಳು.

“ಇಲ್ಲ ತಂಗಿ,” ಎಂದ ರಾಚಪ್ಪ. ಮರಳಿ ಬಂದ ದನಿಯಲ್ಲಿ ಅವನಾಡಿದ ಮೊದಲ ಮಾತು ಅದು. “ನಾನು ದಡದಲ್ಲಿದ್ದೆ, ಕಂಡೆ. ನೀನೂ ಮುಳುಗುತ್ತೀಯೆಂದು ಅವಳೇ ಕೈ ಬಿಡಿಸಿಕೊಂಡಳು. ನಿನಗದು ಗೊತ್ತಿದೆ ಎಂದುಕೊಂಡಿದ್ದೆ.”

ಸಾತವ್ವ ಅಲ್ಲೇ ಕೂತು ಮನಸಾರೆ ಅತ್ತಳು. ಹನ್ನೊಂದು ಜನ ಅವಳ ಸುತ್ತ ಕೂತರು.

ಮರುವಾರ ಹಾಲಗೇರಿಯಲ್ಲಿ ಅದೇ ಕತೆಯ ಆಟವಾಯಿತು. ಸಾತವ್ವ ತುಂಗವ್ವನ ಪಾತ್ರ ಕಟ್ಟಿದಳು. ಜನ ಎದ್ದು ಹೋಗಲಿಲ್ಲ, ಇನ್ನೊಮ್ಮೆ ಆಡಿ ಎಂದರು. ಮಂಡಳಿಯವರು ಬಹುಕಾಲ ಆಡುತ್ತ, ಹಾಡುತ್ತ ಸುಖವಾಗಿದ್ದರು, ನೋಡಿದವರೂ ಸುಖವಾಗಿದ್ದರು.