ಮೇಜಿಗೆ ಒರಗಿಸಿದ ಕುರ್ಚಿಗಳು

ಆಗಸ್ಟ್ ಹದಿನಾರರ ಬೆಳಿಗ್ಗೆ ಏಳೂವರೆಗೆ ಕಡಲತೀರದ ಪೋರ್ಗ್ವೆನ್ ಊರಿನ ಪೊಲೀಸ್ ಠಾಣೆಯಲ್ಲಿ ಪೇದೆ ಗಿಲ್ದಾ ಕಾಫಿಗೆ ನೀರಿಟ್ಟಿದ್ದನಷ್ಟೇ. ಒಳಗೆ ಬಂದ ಹೆಂಗಸಿನ ಕಾಲಲ್ಲಿ ಕಡಲಿಗೆ ಹಾಕುವ ರಬ್ಬರ್ ಚಪ್ಪಲಿ, ಮೈಮೇಲೆ ಆಸ್ಪತ್ರೆಯವರು ಹೊದಿಸಿ ಕಳಿಸಿದ ಕಂಬಳಿ. ಉಗುರುಗಳಲ್ಲಿ ಹಿಂದಿನ ದಿನದ ಮರಳು ಹಾಗೇ ಇತ್ತು.

"ಗಂಡನ ಮೇಲೆ ದೂರು ಕೊಡ್ಬೇಕು," ಅಂದಳು.

ಠಾಣಾಧಿಕಾರಿ ಅರ್ಮೆಲ್ ಕೆರ್ಬ್ರಾ ಒಳಕೋಣೆಯಿಂದ ಎದ್ದು ಬಂದಳು. ಯಾರೆಂದು ಕೇಳಬೇಕಾಗಿರಲಿಲ್ಲ. ನಿನ್ನೆ ಮಧ್ಯಾಹ್ನ ಊರಾಚೆ ರಜೆಗೆ ಬರುವವರ ಕಡಲ ಶಿಬಿರದಲ್ಲಿ, ಕಾರಿಗೆ ಕಟ್ಟಿ ಎಳೆಯುವ ಗಾಲಿಮನೆ, ಕ್ಯಾರವಾನೊಂದು ಇಳಿಜಾರಿನಲ್ಲಿ ಉರುಳಿ, ಕೆಳಗಿನ ಪಾತ್ರೆ ತೊಳೆಯುವ ಕಟ್ಟೆಯ ಕಲ್ಲುಗೋಡೆಗೆ ಬಡಿದಿತ್ತು. ಒಳಗೆ ಒಂಬತ್ತು ವರ್ಷದ ಹುಡುಗಿ ಮಾನೋನ್ ಮಲಗಿದ್ದಳು. ಈಗ ಬ್ರೆಸ್ಟ್ ಪಟ್ಟಣದ ಆಸ್ಪತ್ರೆಯಲ್ಲಿ ಯಂತ್ರದ ಉಸಿರಿನ ಮೇಲಿದ್ದಾಳೆ. ಇವಳು ಆ ಹುಡುಗಿಯ ತಾಯಿ, ಸಾಬ್ರಿನಾ ಕಾರ್ಲಿಯೆ.

"ಕೂತ್ಕೊಳ್ಳಿ. ಏನಂತ ದೂರು?"

"ಅವನೇ ಮಾಡಿದ್ದು. ಗಾಳಿ ಜಾಸ್ತಿ ಆಯ್ತು, ಕ್ಯಾರವಾನನ್ನ ಸ್ವಲ್ಪ ತಿರುಗಿಸ್ತೀನಿ ಅಂತಿದ್ದ ಬೆಳಿಗ್ಗೆಯಿಂದ. ಅರ್ಧ ಬಿಚ್ಚಿ, ಮರೆತು, ನನ್ ಜೊತೆ ಕಡಲಿಗೆ ಬಂದ. ಅವನ ಕೆಲಸ ಎಲ್ಲಾ ಹಾಗೇ. ಮನೇಲಿ ಒಂದು ಕಪಾಟಿಗೂ ಇನ್ನೂ ಬಾಗಿಲಿಲ್ಲ."

"ಅವರೇನಂತಾರೆ?"

"ನೆನಪಿಲ್ವಂತೆ." ಸಾಬ್ರಿನಾ ನಕ್ಕಳು, ಆ ನಗು ಕೇಳಿ ಗಿಲ್ದಾ ಒಲೆ ಆರಿಸಿಬಿಟ್ಟ. "ನೆನಪಿಲ್ಲ ಅಂತಾನೆ, ಮೇಡಂ. ಬರ್ಕೊಳ್ಳಿ. ಅವನ ಹೆಸರು ಬೆರ್ತ್ರಾಂ."

ಅರ್ಮೆಲ್ ಬರೆದುಕೊಂಡಳು. ಸಾಬ್ರಿನಾ ಸಹಿ ಹಾಕಿದಳು.

ಒಂಬತ್ತಕ್ಕೆ ಅರ್ಮೆಲ್ ಮತ್ತು ಗಿಲ್ದಾ ಸ್ಥಳದಲ್ಲಿದ್ದರು. ಮಹಜರಿಗೆ ಸಾಕ್ಷಿಯಾಗಿ ಶಿಬಿರದ ಒಡತಿ ಕೊರಿನ್ ಬಂದು ನಿಂತಳು. ಎರಡು ವರ್ಷದ ಹಿಂದೆ ಈ ಶಿಬಿರ ಕೊಂಡವಳು, ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು. "ನಂದೇನೂ ತಪ್ಪಿಲ್ಲ ಅಲ್ವಾ ಮೇಡಂ, ಇಳಿಜಾರು ಮೊದ್ಲಿಂದ್ಲೂ ಇರೋದೇ" ಎಂದು ಮೂರು ಸಲ ಹೇಳಿದಳು.

ಮೂವತ್ತೆರಡನೇ ಜಾಗ ಮೇಲಿನ ಸಾಲಿನ ತುದಿಯಲ್ಲಿತ್ತು. ಇಡೀ ಶಿಬಿರದಲ್ಲಿ ಕೂತಲ್ಲಿಂದಲೇ ಕಡಲು ಪೂರಾ ಕಾಣುವುದು ಅಲ್ಲಿಂದ ಮಾತ್ರ. ತುದಿಗೆ ಗಿಡಗಳ ಬೇಲಿ, ಬೇಲಿಯಾಚೆ ಹುಲ್ಲಿನ ಇಳಿಜಾರು. ಬೇಲಿಯ ನಡುವೆ ಈಗ ಕ್ಯಾರವಾನಿನಷ್ಟೇ ಅಗಲದ ಕಿಂಡಿ. ಕುಟುಂಬ ಊಟಕ್ಕೆ ಹಾಕಿಕೊಂಡಿದ್ದ ಮೇಜು ಮಾತ್ರ ಏನೂ ಆಗಿಲ್ಲವೆಂಬ ಹಾಗೆ ನಿಂತಿತ್ತು. ಮಡಚಿದ ಮೂರು ಕುರ್ಚಿಗಳು ಅದಕ್ಕೆ ಒರಗಿದ್ದವು.

ಗಿಲ್ದಾ ಕೆಳಗೆ ಹೋಗಿ ಮುರಿದ ಕ್ಯಾರವಾನಿನಡಿ ನುಗ್ಗಿದ. ಅವನದೂ ಒಂದು ಕ್ಯಾರವಾನ್ ಇದೆ; ಇಪ್ಪತ್ತು ವರ್ಷ ಹೆಂಡತಿ ಮಕ್ಕಳನ್ನು ಅದರಲ್ಲೇ ತಿರುಗಿಸಿದವನು. ಹೊಟ್ಟೆ ತುಂಬ ಮಣ್ಣು ಮಾಡಿಕೊಂಡು ಎದ್ದ.

"ಮೇಡಂ, ನಾಲ್ಕು ಮೂಲೇಲಿ ಕೆಳಗಿಳಿಸೋ ಕಬ್ಬಿಣದ ಕಾಲಿರುತ್ತಲ್ಲ, ನೆಲಕ್ಕೆ ಊರಿ ನಿಲ್ಸೋದು? ನಾಲ್ಕೂ ಮೇಲೆ. ಪೂರ್ತಿ ಸುತ್ತಿ ಎತ್ತಿದಾರೆ. ಒಂದೂ ಡೊಂಕಾಗಿಲ್ಲ."

"ತಾನಾಗೇ ಜಾರಿದ್ರೆ?"

"ಕಾಲು ಮುರಿದಿರ್ತಿತ್ತು. ಇದು ಕಾಲು ಸುತ್ತೋ ಹಿಡಿ ತಗೊಂಡು, ನಿಧಾನಕ್ಕೆ ತಿರುಗಿಸಿದ್ದು."

ಗಾಲಿ ಉರುಳದ ಹಾಗೆ ಅಡ್ಡ ಕೊಟ್ಟಿದ್ದ ಎರಡು ಮರದ ತುಂಡುಗಳು ವಿದ್ಯುತ್ ಪೆಟ್ಟಿಗೆಯ ಬುಡದಲ್ಲಿ ಸಿಕ್ಕವು. ಪಕ್ಕಪಕ್ಕ, ಅಂಚಿಗೆ ಅಂಚು ಸೇರಿಸಿ ಇಟ್ಟಿದ್ದರು. ಅರ್ಮೆಲ್ ಅವುಗಳನ್ನು ಬಹಳ ಹೊತ್ತು ನೋಡಿದಳು. ಮರೆಯುವ ಗಂಡಸು ಹೀಗೆ ಇಡುವುದಿಲ್ಲ ಅನ್ನಿಸಿತು. ಅನ್ನಿಸಿದ್ದನ್ನು ಮಹಜರಿನಲ್ಲಿ ಬರೆಯುವ ಹಾಗಿಲ್ಲ. ಮರದ ತುಂಡು ಎರಡು ಎಂದಷ್ಟೇ ಬರೆದು, ಜಾಗದ ಸುತ್ತ ಹಳದಿ ಪಟ್ಟಿ ಕಟ್ಟಿಸಿದಳು.

ಬೆರ್ತ್ರಾಂ ಕಾರ್ಲಿಯೆ ಶಿಬಿರದ ಕಚೇರಿಯಲ್ಲಿ ಕೂತಿದ್ದ. ದೇಶದ ಉತ್ತರ ಭಾಗದ ಗಾಜಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ದೊಡ್ಡ ದೇಹದ ಮನುಷ್ಯ. ಆಸ್ಪತ್ರೆಗೆ ಹೋಗಿದ್ದ, ಹೆಂಡತಿ ಕೋಣೆಯಿಂದ ಹೊರಗೆ ಹಾಕಿದ್ದಳು.

"ಹ್ಯಾಂಡ್‌ಬ್ರೇಕ್ ಹಾಕಿದ್ರಾ?"

"ಇಲ್ಲ."

"ಯಾಕೆ?"

"ಉಪ್ಪು ಗಾಳೀಲಿ ಹಿಡ್ಕೊಂಡ್ಬಿಡತ್ತೆ, ಮೂರು ವಾರ ಬಿಟ್ರೆ ಹೊರಡೋ ದಿನ ಗಾಲಿ ಅಲ್ಲಾಡಲ್ಲ. ಇಲ್ಲಿ ಯಾರೂ ಹಾಕಲ್ಲ. ಬಂದ ದಿನ ಪಕ್ಕದೋರೇ ಹೇಳಿದ್ದು."

ಅರ್ಮೆಲ್ ತಿರುಗಿ ನೋಡಿದಳು. ಗಿಲ್ದಾ ತಲೆ ತಗ್ಗಿಸಿ, "ನಾನೂ ಹಾಕಲ್ಲ, ಮೇಡಂ" ಅಂದ.

"ಕಾಲುಗಳನ್ನ ಎತ್ತಿದ್ದು ನೀವಾ?"

ಬೆರ್ತ್ರಾಂ ಎರಡು ಕೈಯನ್ನೂ ಮೊಣಕಾಲ ಮೇಲಿಟ್ಟು ನೋಡಿಕೊಂಡ. "ಗೊತ್ತಿಲ್ಲ. ತಿರುಗಿಸ್ಬೇಕು ಅಂತ ಅಂದಿದ್ದೆ. ಹಿಂದಿನ ರಾತ್ರಿ ಕುಡಿದಿದ್ದೆ, ಬೆಳಿಗ್ಗೆ ತಲೆ ಸರಿ ಇರ್ಲಿಲ್ಲ. ಎತ್ತಿದೀನಾ, ಇಲ್ವಾ? ರಾತ್ರಿಯೆಲ್ಲಾ ಅದನ್ನೇ ಕೇಳ್ಕೊಂಡೆ. ಈಗ ಎತ್ತಿದ ಹಾಗೇ ನೆನಪಾಗ್ತಿದೆ. ಹಿಡಿ ಕೈಲಿರೋದು ಕಾಣ್ತಿದೆ. ಬರ್ಕೊಳ್ಳಿ ಮೇಡಂ, ನಾನೇ ಅಂತ."

"ತಾಳಿ. ನಿನ್ನೆ ಮಧ್ಯಾಹ್ನದ ಊಟ ಎಲ್ಲಿ?"

"ಒಳಗೆ. ಹೊರಗೆ ಗಾಳಿ ಇತ್ತು. ಸಾಬ್ರಿನಾ ದೋಸೆ ಹುಯ್ದಳು."

"ಯಾರ್ಯಾರು ಎಲ್ಲಿ ಕೂತಿದ್ರಿ?"

"ನಾನೂ ಮಗಳೂ ಹಿಂದಿನ ಬೆಂಚಿನ ಮೇಲೆ. ಅವಳಿಗೆ ಬಿಸಿಲು ಬಡಿದು ಜ್ವರ, ನನಗೊರಗಿಕೊಂಡಿದ್ದಳು."

"ಮೇಜಿನ ಮೇಲೆ ಕುಡಿಯೋಕೆ ಏನಿತ್ತು?"

"ಸೇಬಿನ ಮದ್ಯ. ಒಂದು ಬಾಟ್ಲಿ."

"ಬಾಟ್ಲಿ ಜಾರ್ತಾ?"

"ಇಲ್ಲ," ಅಂದ, ಯಾಕೆ ಕೇಳಿದಳೆಂದು ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಗಿಲ್ದಾನಿಗೆ, ತೊಡೆ ತಟ್ಟಿಕೊಂಡ. ಕಾಲೆತ್ತಿದ ಕ್ಯಾರವಾನ್ ಎರಡೇ ಗಾಲಿಯ ಮೇಲೆ ಏತದ ಹಾಗೆ ನಿಂತಿರುತ್ತದೆ. ಇಂಥ ದೇಹ ಹಿಂದಿನ ಬೆಂಚಿಗೆ ಕೂತರೆ ಹಿಂಭಾಗ ನೆಲ ಮುಟ್ಟಿ, ಬಾಟಲಿ ದೋಸೆ ಎಲ್ಲ ಮಡಿಲಿಗೆ ಬರಬೇಕು. ಊಟದ ಹೊತ್ತಿಗೆ ಕಾಲುಗಳು ನೆಲದಲ್ಲೇ ಇದ್ದವು. ಊಟ ಮುಗಿಸಿ ಗಂಡಹೆಂಡಿರು ಒಟ್ಟಿಗೇ ಕಡಲಿಗೆ ನಡೆದಿದ್ದರು.

"ನೀವಲ್ಲ," ಅಂದಳು ಅರ್ಮೆಲ್. "ನಿಮ್ಮ ಕೈಯಲ್ಲಿ ಆಗಿದ್ದಲ್ಲ."

ಬೆರ್ತ್ರಾಂ ಅಳಲಿಲ್ಲ, ಉಸಿರು ಬಿಟ್ಟಂತೆಯೂ ಕಾಣಲಿಲ್ಲ. "ಬ್ರೇಕು ಹಾಕಿದ್ರೆ ನಿಂತಿರ್ತಿತ್ತಾ?" ಎಂದು ಕೇಳಿದ.

ಅರ್ಮೆಲ್‌ಗೆ ಸುಳ್ಳು ಬರುತ್ತದೆ, ಹದಿನೆಂಟು ವರ್ಷದ ನೌಕರಿಯಲ್ಲಿ ಕಲಿತಿದ್ದಾಳೆ. ಆದರೆ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. "ನಿಂತಿರ್ತಿತ್ತು" ಅಂದಳು.

ಹಿಂದಿನ ದಿನ ದೊಡ್ಡ ಇಳಿತ. ಕಡಲು ಅಷ್ಟು ದೂರ ಹಿಂದೆ ಸರಿಯುವುದು ವರ್ಷದಲ್ಲಿ ಕೆಲವೇ ದಿನ. ಇಡೀ ಶಿಬಿರ ಬಕೆಟ್ಟು ಹಿಡಿದು, ಮರಳು ಕೆದರಿ ಬಳಚೆಂಬ ಚಿಪ್ಪುಮೀನು ಹೆಕ್ಕಲು ಇಳಿದಿತ್ತು. ಹಾಗಾದರೆ ಮೇಲೆ ಉಳಿದವರು ಯಾರು?

ಇಂಥ ಪ್ರಶ್ನೆಗೆ ಜನರನ್ನು ಕಚೇರಿಗೆ ಕರೆಸಿದರೆ ಉತ್ತರ ಬರುವುದಿಲ್ಲವೆಂದು ಅರ್ಮೆಲ್‌ಗೆ ಗೊತ್ತು. ಊಟದ ನಂತರ ಎಲ್ಲರೂ ಪಾತ್ರೆ ಹೊತ್ತು ಬರುವ ಜಾಗ ಒಂದೇ, ಆ ತೊಳೆಯುವ ಕಟ್ಟೆ. ಕಟ್ಟೆಯ ಒಂದು ಗೋಡೆ ಬಿರುಕು ಬಿಟ್ಟಿತ್ತು, ಇನ್ನೊಂದು ಬದಿಯಲ್ಲಿ ತೊಳೆಯುವುದು ನಡೆದೇ ಇತ್ತು. ಆಕೆ ಟೋಪಿ ತೆಗೆದಿಟ್ಟು, ಒರೆಸುವ ಬಟ್ಟೆ ಕೈಗೆ ತಗೊಂಡು, ಸೂಜ಼ಿ ಎಂಬ ನಿವೃತ್ತ ದಾದಿಯ ಪಕ್ಕ ನಿಂತಳು.

"ಬನ್ನಿ ಬನ್ನಿ, ಪೊಲೀಸರು ಪಾತ್ರೆ ಒರೆಸೋದು ಈ ಜನ್ಮದಲ್ಲಿ ನೋಡ್ತೀನಿ ಅಂದ್ಕೊಂಡಿರ್ಲಿಲ್ಲ," ಅಂದಳು ಸೂಜ಼ಿ. "ಲೋಟ ಹುಷಾರು, ನಮ್ ಯಜಮಾನ್ರು ಪಾಸ್ತಿಸ್ ಮದ್ಯ ಕುಡಿಯೋ ಲೋಟ ಅದು. ನನ್ನ ಬೇಕಾದ್ರೂ ಒಡೆದ್ಹಾಕಿ, ಅದನ್ನ ಬೇಡ."

"ನಿನ್ನೆ ಬಳಚಿಗೆ ಎಲ್ಲರೂ ಹೋಗಿದ್ರಾ?"

"ಎಲ್ರೂ. ಪ್ಲೆಸಿ ಒಬ್ರನ್ನ ಬಿಟ್ಟು. ಪಾಪ, ಹೆಂಡ್ತಿ ಇವೆತ್‌ನ ಬಿಟ್ಟು ಎಲ್ಲಿಗ್ ಹೋಗ್ತಾರೆ? ಅವಳಿಗೆ ಮರೆವು. ಪೂರ್ತಿ."

"ಯಾವ ಜಾಗ ಅವರದ್ದು?"

ಸೂಜ಼ಿಯ ಕೈ ನೀರಿನಲ್ಲಿ ನಿಂತಿತು. ಆಚೆ ಬಾಣಲೆ ಉಜ್ಜುತ್ತಿದ್ದ ಬೋಳುತಲೆಯವನು ಕೆಮ್ಮಿದ.

"ಈಗ ಮೂವತ್ಮೂರು," ಅಂದ ಅವನು. "ಮೊದ್ಲು ಮೂವತ್ತೆರಡು. ನಮ್ ಮದ್ವೆ ಆಗೋಕ್ ಮುಂಚಿಂದ. ಹಳೇ ಯಜಮಾನ ಇದ್ದಾಗ ಜಾಗ ಕೇಳೋ ಪದ್ಧತೀನೇ ಇರ್ಲಿಲ್ಲ, ಯಾರದ್ದು ಯಾವುದು ಅಂತ ಎಲ್ರಿಗೂ ಗೊತ್ತಿತ್ತು. ಈ ಹೊಸಮ್ಮ ಬಂದ್ಮೇಲೆ ಕಂಪ್ಯೂಟರ್. ಮೊದ್ಲು ಒತ್ತಿದೋರಿಗೆ ಜಾಗ. ಪ್ಲೆಸಿ ಒತ್ತೋಕೆ ಬರ್ತಾರಾ?"

"ಇವೆತ್ ದಿನಾ ಸಂಜೆ ಎದ್ದು ಹೋಗಿ ಕಾರ್ಲಿಯೆಯೋರ ಕುರ್ಚೀಲಿ ಕೂತ್ಬಿಡೋಳು," ಸೂಜ಼ಿ ದನಿ ತಗ್ಗಿಸಿದಳು. "ಮೊದ್ಲು ಅವರೂ ಸೂಪು ಕೊಟ್ಟು ಕೂರಿಸ್ಕೊಂಡ್ರು, ಒಳ್ಳೇ ಜನ. ಆ ಮಗು ಇವೆತ್‌ಗೆ ಜಡೆ ಹಾಕೋದು. ಆಮೇಲೆ ಬೇಜಾರಾಯ್ತು, ಅವರೂ ರಜಕ್ಕೆ ಬಂದೋರು. ಪ್ಲೆಸಿ ಜಾಗ ಬದಲು ಮಾಡ್ಕೊಳ್ಳಿ ಅಂತ ಕೇಳಿದ್ರಂತೆ. ಬೆರ್ತ್ರಾಂ ಆಗಲ್ಲ ಅಂದ. ತಪ್ಪಾ ಹೇಳಿ? ವರ್ಷಪೂರ್ತಿ ಕುಲುಮೆ ಮುಂದೆ ಬೆಂದು ಬಂದಿದಾನೆ."

ಅರ್ಮೆಲ್ ತಟ್ಟೆ ಕೆಳಗಿಟ್ಟಳು. "ಒಂದು ವಿಷಯ ಹೇಳಿ. ಕ್ಯಾರವಾನ್ ಹೊರಗೆ ಕುರ್ಚಿ ಮಡಚಿ ಒರಗಿಸೋದು ಯಾಕೆ?"

"ಅಷ್ಟೂ ಗೊತ್ತಿಲ್ವಾ? ಮನೇಲಿ ಯಾರೂ ಇಲ್ಲ ಅಂತ. ಕುರ್ಚಿ ಬಿಡಿಸಿದ್ರೆ ಬನ್ನಿ ಅಂತ, ಒರಗಿಸಿದ್ರೆ ಕೂಗಬೇಡಿ ಅಂತ. ಇಲ್ಲಿಗೆ ಬಂದ ಮೊದ್ಲ ದಿನಾನೇ ಎಲ್ರೂ ಕಲಿತಾರೆ."

"ಸಾಬ್ರಿನಾಗೂ ಗೊತ್ತಿತ್ತಾ?"

"ನಾನೇ ಹೇಳ್ಕೊಟ್ಟಿದ್ದು," ಅಂದಳು ಸೂಜ಼ಿ. ಹೇಳಿದ ಮೇಲೆ ಅವಳ ಮುಖ ನಿಧಾನವಾಗಿ ಬದಲಾಯಿತು. ಮಗು ಒಳಗೆ ಮಲಗಿತ್ತು. ಯಾರೂ ಕೂಗಿ ಎಬ್ಬಿಸದಿರಲಿ ಎಂದು ತಾಯಿ ಕುರ್ಚಿ ಮಡಚಿ ಇಟ್ಟು ಹೋಗಿದ್ದಳು.

ಆಗಲೇ ಅರ್ಮೆಲ್‌ಳ ಫೋನು ರಿಂಗಣಿಸಿತು. ಬ್ರೆಸ್ಟ್‌ನ ವೈದ್ಯರು. ಎರಡು ವಾಕ್ಯ ಕೇಳಿಸಿಕೊಂಡು, "ಸರಿ" ಎಂದು ಇಟ್ಟಳು. ನಲ್ಲಿಗಳು ಒಂದೊಂದಾಗಿ ನಿಂತವು.

ಮೊರಿಸ್ ಪ್ಲೆಸಿ ತನ್ನ ಕ್ಯಾರವಾನಿನ ಮುಂದೆ ಕೂತು ಹೆಂಡತಿಗೆ ಪೀಚ್ ಹಣ್ಣು ಹೆಚ್ಚಿ ಕೊಡುತ್ತಿದ್ದ. ಎಪ್ಪತ್ತಾರರ ಒಣಕಲು ಮುದುಕ, ರೈಲ್ವೆಯಲ್ಲಿ ಬಡಗಿಯಾಗಿದ್ದವನು. ಹೋಳುಗಳು ಒಂದೇ ಅಳತೆಯವು. ಇವೆತ್ ಅವನ್ನು ತಿನ್ನದೆ ಅಂಗೈಯಲ್ಲಿ ಹಿಡಿದುಕೊಂಡಿದ್ದಳು.

"ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?"

"ಇಲ್ಲೇ. ಇವಳನ್ನ ಮಲಗಿಸಿದ್ದೆ."

"ಶಬ್ದ ಕೇಳಿಸ್ತಾ?"

"ಕೇಳಿಸ್ತು."

"ಮೊದ್ಲು ಓಡಿ ಹೋಗಿದ್ದು ನೀವಂತೆ. ಬಾಗಿಲು ಕಿತ್ತು ಮಗುವನ್ನ ಹೊರಗೆ ತೆಗ್ದಿದ್ದೂ ನೀವೇ."

"ಹೌದು."

"ಗಾಲಿಯ ತುಂಡು ಯಾಕೆ ಅಷ್ಟು ನೀಟಾಗಿ ಇಟ್ರಿ, ಮೊರಿಸ್?"

ಮುದುಕ ಚಾಕು ಮಡಚಿದ. ತಪ್ಪಿಸಿಕೊಳ್ಳುವ ಮಾತು ಹುಡುಕುತ್ತಿದ್ದಾನೆಂದು ಗಿಲ್ದಾ ಅಂದುಕೊಂಡ. ಅವನು ಹುಡುಕುತ್ತಿರಲಿಲ್ಲ.

"ಮಗು ಹೇಗಿದೆ?"

"ಈಗ ಹೋಯ್ತು."

ಗಾಳಿಗೆ ಗುಡಾರದ ಬಟ್ಟೆ ಪಟಪಟ ಬಡಿಯುತ್ತಿತ್ತು.

"ಕುರ್ಚಿ ಒರಗಿಸಿತ್ತು ಮೇಡಂ," ಅಂದ ಕೊನೆಗೆ. "ನಾನು ನೋಡ್ದೆ. ನೋಡೇ ಹೋಗಿದ್ದು. ಮೂರೂ ಒರಗಿಸಿತ್ತು. ಕೂಗ್ಬೇಕಿತ್ತು... ಕುರ್ಚಿ ಒರಗಿಸಿದ್ರೆ ಇಲ್ಲಿ ಯಾರೂ ಕೂಗಲ್ಲ."

"ಏನಾಗ್ಲಿ ಅಂತ ಮಾಡಿದ್ರಿ?"

"ಬೇಲಿಗೆ ಹೋಗಿ ಕೂತ್ಕೊಳ್ತದೆ ಅಂದ್ಕೊಂಡೆ. ಕಾರಿಗೆ ಕಟ್ಟೋ ಮುಂದಿನ ಕೊಂಡಿ ಬಾಗ್ತದೆ, ಅವರು ಊರಿಗ್ ಹೋಗ್ತಾರೆ, ನಮಗೆ ಹತ್ತು ದಿನ ಸಿಗ್ತದೆ ಅಂತ. ಆ ಬೇಲಿ ನಾನೇ ನೆಟ್ಟಿದ್ದು. ಗಟ್ಟಿ ಇತ್ತು. ಯಾವಾಗ ಟೊಳ್ಳಾಯ್ತೋ."

"ಬ್ರೇಕ್ ಹಾಕಿರಲ್ಲ ಅಂತ ಗೊತ್ತಿತ್ತಾ?"

"ಹಾಕ್ಬೇಡಪ್ಪಾ ಅಂತ ಬಂದ ದಿನ ಹೇಳಿದ್ದೇ ನಾನು. ಆಗ ಒಳ್ಳೇ ಮನಸ್ಸಿಂದಾನೇ ಹೇಳಿದ್ದೆ, ಮೇಡಂ. ಇದೊಂದು ಮಾತು ಬರ್ಕೊಳ್ಳಿ."

ಸಂಜೆ ಆರೂಕಾಲಿಗೆ ದಸ್ತಗಿರಿ ಆಯಿತು. ಕಾಲು ಸುತ್ತುವ ಹಿಡಿಯನ್ನು ಅವನ ಉಪಕರಣದ ಪೆಟ್ಟಿಗೆಯಿಂದ ಜಪ್ತಿ ಮಾಡಿದರು. ಕೋಳ ಹಾಕಬೇಕೆಂದು ನಿಯಮ; ಇವೆತ್ ನೋಡದ ಹಾಗೆ ಕಾರಿನ ಹಿಂದೆ ಕರೆದೊಯ್ದು ಗಿಲ್ದಾ ಹಾಕಿದ. ಶಿಬಿರದವರು ತಮ್ಮ ತಮ್ಮ ಮೇಜುಗಳ ಮುಂದೆ ನಿಂತಿದ್ದರು. ಬಯ್ಯಲೂ ಇಲ್ಲ, ಬೀಳ್ಕೊಡಲೂ ಇಲ್ಲ.

ದಾರಿಯಲ್ಲಿ, ಕೇಳದೆಯೇ, ಮೊರಿಸ್ ಹೇಳಿದ. ಹೋದ ಚಳಿಗಾಲದಿಂದ ಇವೆತ್ ಅವನನ್ನು 'ಏನ್ರೀ, ಯಾರು ನೀವು' ಎನ್ನತೊಡಗಿದ್ದಳು. ಮನೆಯಲ್ಲಿ ಅವನು ಅಡುಗೆಗೆ ಬಂದ ಅಪರಿಚಿತ. ಶಿಬಿರಕ್ಕೆ ಬಂದ ಮೊದಲ ಸಂಜೆ ಆಕೆ ಮೂವತ್ತೆರಡಕ್ಕೆ ನಡೆದು, ಬೇರೆಯವರ ಕುರ್ಚಿಯಲ್ಲಿ ಕೂತು, ಕಡಲು ನೋಡಿ, ಕರೆದುಕೊಂಡು ಬರಲು ಹೋದವನನ್ನು ಹೆಸರು ಹಿಡಿದು ಕರೆದಳು. ಮಾರನೆಯ ದಿನವೂ ಕರೆದಳು. ಕಾರ್ಲಿಯೆ ಬೇಡವೆಂದ ಮೇಲೆ ಕರೆಯಲಿಲ್ಲ. "ಹತ್ತು ದಿನ ಸಾಕಿತ್ತು. ಆಮೇಲೆ ಅವಳನ್ನ ವೃದ್ಧಾಶ್ರಮಕ್ಕೆ ಸೇರಿಸ್ಬೇಕು ಅಂತ ಮಾತಾಗಿತ್ತು."

ಬೇರೆ ಕಾರಣವೇನನ್ನೂ ಅವನು ಹೇಳಲಿಲ್ಲ. ಅರ್ಮೆಲ್ ಅದನ್ನು ಹೇಳಿಕೆಯಲ್ಲಿ ಬರೆದಳು, ಅಭಿಯೋಜಕರು ಓದುತ್ತಾರೋ ಇಲ್ಲವೋ. ಕುರ್ಚಿಗಳ ವಿಷಯವನ್ನೂ ಬರೆಯಬೇಕಾಯಿತು. ಬರೆದರೆ ಸಾಬ್ರಿನಾ ಒಂದು ದಿನ ಅದನ್ನು ಓದುತ್ತಾಳೆ. ಬರೆಯದೆ ಬಿಡುವ ಅಧಿಕಾರ ಅರ್ಮೆಲ್‌ಗಿರಲಿಲ್ಲ.

ಗಂಡನ ಮೇಲಿನ ದೂರನ್ನು ಸಾಬ್ರಿನಾ ಫೋನಿನಲ್ಲೇ ಹಿಂದಕ್ಕೆ ತಗೊಂಡಳು. ಆದರೂ ಉತ್ತರಕ್ಕೆ ಹೋಗುವಾಗ ಅವನು ಶವದ ಗಾಡಿಯ ಹಿಂದೆ ಕಾರಿನಲ್ಲಿ, ಇವಳು ತಮ್ಮನ ಜೊತೆ ರೈಲಿನಲ್ಲಿ ಹೋದರು.

ದಸ್ತಗಿರಿಯ ಮಾರನೆಯ ದಿನ ಆಶ್ರಮದ ವ್ಯಾನು ಬರುವ ತನಕ ಇವೆತ್‌ಳನ್ನು ನೋಡಿಕೊಳ್ಳಲು ಅರ್ಮೆಲ್ ತಾನೇ ಹೋದಳು. ರಾತ್ರಿಯೆಲ್ಲ ಜೊತೆಗಿದ್ದ ಸೂಜ಼ಿ ಕಾಫಿ ಬೆರೆಸುವಷ್ಟರಲ್ಲಿ ಮುದುಕಿ ಎದ್ದು ಹೋಗಿದ್ದಳು. ಹುಡುಕಬೇಕಾಗಲಿಲ್ಲ. ಮೂವತ್ತೆರಡನೇ ಜಾಗದ ಸುತ್ತ ಕಟ್ಟಿದ್ದ ಹಳದಿ ಪಟ್ಟಿಯ ಈಚೆ, ಅದನ್ನು ಎರಡು ಕೈಯಲ್ಲೂ ಹಿಡಿದು ನಿಂತಿದ್ದಳು. ಒಳಗೆ ಏನೂ ಇರಲಿಲ್ಲ. ಮೇಜು ಕುರ್ಚಿ ಎಲ್ಲ ಠಾಣೆಯಲ್ಲಿದ್ದವು. ಬೇಲಿಯ ಕಿಂಡಿಯಲ್ಲಿ ಕಡಲು ಎಂದಿಗಿಂತ ಹೆಚ್ಚೇ ಕಾಣುತ್ತಿತ್ತು.

"ಮೊರಿಸ್ ಎಲ್ಲಿ?" ಎಂದು ಕೇಳಿದಳು ಇವೆತ್, ಸ್ಪಷ್ಟವಾಗಿ, ನಿನ್ನೆ ಮೊನ್ನೆ ಮದುವೆಯಾದವಳ ಹಾಗೆ. "ಸಂಜೆ ಆಗ್ತಾ ಬಂತು, ಇನ್ನೂ ಬರ್ಲಿಲ್ಲ ನೋಡಿ. ಎಲ್ಲಿ ನಿಂತು ಹರಟೆ ಹೊಡೀತಿದಾನೋ."

ಬೆಳಿಗ್ಗೆ ಹತ್ತು ಗಂಟೆಯಾಗಿತ್ತು. "ಬರ್ತಾರೆ" ಎಂದಳು ಅರ್ಮೆಲ್.

ವ್ಯಾನು ಹೋದ ಮೇಲೆ ಆಕೆ ಠಾಣೆಗೆ ಮರಳಿದಳು. ಮೊರಿಸ್ ಕಂಬಿಯಾಚೆ ಗೋಡೆಗೊರಗಿ ಕೂತಿದ್ದ. ಬಾಗಿಲ ಸದ್ದಿಗೆ ತಲೆ ಎತ್ತಿದ.

"ಹೋದ್ಲಾ? ಏನಾದ್ರೂ ಅಂದ್ಲಾ?"

ಅರ್ಮೆಲ್ ಕೀಲಿಗೊಂಚಲನ್ನು ಗೋಡೆಯ ಮೊಳೆಗೆ ಹಾಕಿದಳು. ಹೇಳುವುದು ಹೆಚ್ಚು ಕ್ರೂರವೋ, ಹೇಳದಿರುವುದೋ ಎಂದು ಅಷ್ಟು ಹೊತ್ತಿನಲ್ಲಿ ತೂಗಿ ನೋಡಲಾಗಲಿಲ್ಲ.

"ಇಲ್ಲ," ಅಂದಳು. "ಏನೂ ಅನ್ಲಿಲ್ಲ."

ಮುದುಕ ತಲೆಯಾಡಿಸಿ ಮತ್ತೆ ಗೋಡೆಗೊರಗಿದ.