ಕೊಂಬಿನ ಸಂದಿಯ ಪೊರೆ

ನಂಬದವರು ಈಗಲೇ ಎದ್ದು ಹೋಗಿ, ನಾನೇನೂ ಕಾಲು ಹಿಡಿಯಲ್ಲ. ಈ ಕತೆಯ ಜವರ ನಮ್ಮೂರಿನವನು. ಅಂಥವನು ನಮ್ಮೂರಲ್ಲಲ್ಲದೆ ಇನ್ನೆಲ್ಲಿ ಹುಟ್ಟಬೇಕು?

ಬಹಳ ಹಿಂದೆ ಸಿಡಿಲುಕೋಟೆ ಎಂಬ ರಾಜ್ಯವಿತ್ತು. ಕಂಚುಗಣ್ಣನೆಂಬ ಮಾಯಾವಿ ಅಲ್ಲಿಯ ರಾಜನನ್ನೂ ಅವನ ದಂಡನ್ನೂ ತವರದ ಚಪ್ಪಟೆ ಗೊಂಬೆಗಳಾಗಿಸಿ ಹಲಗೆಯ ಮೇಲೆ ನಿಲ್ಲಿಸಿದ್ದ. ಒಂದೊಂದೂ ಬೆರಳುದ್ದ, ವೀಳ್ಯದೆಲೆಗಿಂತ ತುಸು ದಪ್ಪ. ಮೈಗೆ ಬಣ್ಣ ಹಿಡಿದರೆ ಗೊಂಬೆಗೆ ಜೀವ ಬರುತ್ತಿತ್ತು. ದಂಡಿನ ಕೊಂಬು ಮೊಳಗಿದರೆ ಮಾಯೆಯೇ ಮುರಿಯುತ್ತಿತ್ತು. ಆ ಕೊಂಬು ಊದುವವನು ಜವರನ ಅಣ್ಣ ಕಾಳಿಂಗ.

ದೊಡ್ಡ ದೊಡ್ಡ ಚಿತ್ರಗಾರರು ಬಂದು ಬಳಿದ ಬಣ್ಣವೆಲ್ಲ ಸಿಪ್ಪೆಯಂತೆ ಉದುರಿಹೋಗಿತ್ತು. ಜವರ ಸೊಂಟಕ್ಕೆ ಲೋಹ ಉಜ್ಜುವ ಅರವೊಂದನ್ನು ಸಿಕ್ಕಿಸಿಕೊಂಡು ಬಂದ.

"ನೀನೂ ಬಣ್ಣ ಬಳಿಯೋಕೆ ಬಂದ್ಯೇನೋ?" ಎಂದ ಕಂಚುಗಣ್ಣ.

"ಬಣ್ಣ ಆಮೇಲೆ. ಮೊದಲು ಇವಕ್ಕೆ ಸ್ನಾನ. ನಿನಗೂ ಮಾಡಿಸ್ಲಾ? ನಾರ್ತಿದ್ದೀಯ."

"ಮೂರು ಗೊಂಬೆ ಕೊಡ್ತೀನಿ. ಒಂದು ಕೆಟ್ಟರೂ ನೀನೂ ಹಲಗೆ ಹತ್ತಬೇಕು!"

ಮೊದಲನೆಯದು ಕುದುರೆ. ಮಾಯೆಯ ಅಚ್ಚಿನಿಂದ ಉಳಿದ ತವರದ ಪೊರೆ ಅದರ ಕಾಲುಗಳನ್ನು ಒಂದಕ್ಕೊಂದು ಅಂಟಿಸಿತ್ತು. ಜವರ ಚೂರಿಯ ಮೊನೆಯಿಂದ ಪೊರೆ ಬಿಡಿಸಿ, ಅಂಚಿಗೆ ಅರ ಹಾಕಿ, ಹುಣಸೆನೀರಲ್ಲಿ ತೊಳೆದು ಒಣಗಿಸಿದ. ತೆಳ್ಳಗೆ ಬಿಳಿ ಬಳಿದು, ಅದರ ಮೇಲೆ ಬಣ್ಣ ಹಚ್ಚಿದ. ಕುದುರೆ ಕೆನೆದು ನೆಲಕ್ಕೆ ಹಾರಿತು.

ಎರಡನೆಯದು ಆನೆ. ತೊಳೆದಿಟ್ಟ ಆನೆಗೆ ಮಾಯಾವಿಯ ಬೆಕ್ಕು ಬಂದು ಮೈ ಉಜ್ಜಿತು. ಅದರ ಕೂದಲಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಬಿಳಿ ನಿಲ್ಲಲೇ ಇಲ್ಲ.

"ಎಲಾ ಕಳ್ಳಿ!" ಎಂದು ಜವರ ಬೆಕ್ಕಿನ ಮೇಲೆ ಬುಟ್ಟಿ ಕವುಚಿದ. ಆನೆಯನ್ನು ಅಂಟುವಾಳದ ನೊರೆಯಲ್ಲಿ ಮತ್ತೆ ತೊಳೆದು, ಬೆರಳು ತಾಗಿಸದೆ ಬಿದಿರ ಸೀಳಿನಲ್ಲಿ ಹಿಡಿದು ಬಳಿದ. ಆನೆ ಸೊಂಡಿಲೆತ್ತಿತು.

ಮೂರನೆಯದು ಕಾಳಿಂಗ. ಕಂಚುಗಣ್ಣನ ಮಾತು ಬೆಣ್ಣೆಯಾಯಿತು.

"ಭಲೇ! ಇಂಥ ಕೈ ಈ ಭೂಮಿ ಮೇಲೇ ಇಲ್ಲ. ತಲೆ ಸುತ್ತ ಆ ಒರಟು ಅಂಚಿದೆಯಲ್ಲ, ಒಂದೇ ಎಳೆತಕ್ಕೆ ತೆಗೆದುಬಿಡು, ರಾಜಾ!"

ಜವರನ ಎದೆ ಉಬ್ಬಿತು. ಅರ ಅಂಚಿನ ಮೇಲೆ ಕೂತಿತು. ಅಷ್ಟರಲ್ಲಿ ಬುಟ್ಟಿಯೊಳಗೆ ಬೆಕ್ಕು ಮಿಯಾಂವ್ ಎಂದಿತು. ಆನೆಗೆ ಎಣ್ಣೆ ಹಚ್ಚಿಸಿದವನು ನನ್ನನ್ಯಾಕೆ ಹೊಗಳ್ತಾನೆ ಅನ್ನಿಸಿತು ಅವನಿಗೆ. ಜವರ ಗೊಂಬೆಯನ್ನು ತಿರುಗಿಸಿ ನೋಡಿದ. ಹಿಂಬದಿಯಲ್ಲಿ ಆ ಅಂಚಿನುದ್ದಕ್ಕೂ ಬಳೆಯಂಥ ಸಣ್ಣ ಸಣ್ಣ ಕಟ್ಟುಗಳು. ಅದು ಅಂಚಲ್ಲ, ಅಣ್ಣನ ತಲೆಯ ಮೇಲೆ ಬಾಗಿದ ಕೊಂಬು! ಸವರಿದ್ದರೆ ಅದು ಎಂದಿಗೂ ಮೊಳಗುತ್ತಿರಲಿಲ್ಲ.

ಅವನು ಅರ ಕೆಳಗಿಟ್ಟು, ಸೂಜಿಯಿಂದ ಕೊಂಬಿನ ಸಂದಿಯ ಪೊರೆಯನ್ನಷ್ಟೇ ಚೂರುಚೂರಾಗಿ ಬಿಡಿಸಿದ. ತೊಳೆದ. ಎರಡೂ ಬದಿಗೆ ಬಿಳಿ, ಎರಡೂ ಬದಿಗೆ ಬಣ್ಣ. ಕಾಳಿಂಗ ಕಣ್ಣು ಮಿಟುಕಿಸಿದ.

"ಎಷ್ಟೊತ್ತೋ ನಿಂದು? ಕಾಲು ಜೋಮು ಹಿಡೀತು."

"ಮೊದಲು ಊದಣ್ಣ, ಆಮೇಲೆ ಬಯ್ಯಿ!"

ಕೊಂಬು ಮೊಳಗಿತು. ಹಲಗೆಯ ಮೇಲಿದ್ದ ದಂಡೆಲ್ಲ ಮೈ ಕೊಡವಿ ಎದ್ದಿತು. ಮುರಿದ ಮಾಯೆ ತನಗೇ ತಿರುಗಿಬಿದ್ದು ಕಂಚುಗಣ್ಣ ಕಿರುಚುತ್ತ ಕಿರುಚುತ್ತಲೇ ಚಪ್ಪಟೆಯಾದ. ಅಂದಿನಿಂದ ಸಿಡಿಲುಕೋಟೆಯಲ್ಲಿ ಎಲ್ಲರೂ ಉಂಡುಟ್ಟು ನಗುತ್ತ ಬಾಳಿದರು, ಎಣ್ಣೆ ಬೆಕ್ಕೂ ಕೂಡ.

ರಾಜ ಜವರನಿಗೆ ಕೊಟ್ಟದ್ದು ಒಂದು ಹೊಸ ಅರ, ಮತ್ತು ಬಣ್ಣ ಕಾಣದ ಒಂದು ತವರದ ಗೊಂಬೆ. ಅದರ ಹೆಸರು ಕಂಚುಗಣ್ಣ.