ನಿಂಬವ್ವನ ಮೀಸಲು

“ಆ ಸಾಲು ನಾ ಓದಂಗಿಲ್ಲ,” ಎಂದು ದೀಪಿಕಾ ಪುಸ್ತಕ ಮುಚ್ಚಿದಳು.

ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದ ಅಜ್ಜಿ ಸಣ್ಣವ್ವನ ಕೈ ನಿಲ್ಲಲಿಲ್ಲ. “ಯಾವ ಸಾಲು?”

“ದೇವಿ ‘ಕಲ್ಲಾಗು’ ಅಂತಾಳಲ್ಲ, ಆ ಸಾಲು.”

“ಅದನ್ನ ಬಿಟ್ರ ಅಧ್ಯಾಯನ ಮುಗಿಯಂಗಿಲ್ಲವ್ವಾ. ತೆಗಿ, ಓದು.”

ಅದು ಗುಡದವ್ವನ ಪುರಾಣ. ಶ್ರಾವಣ ಬಂದಿತೆಂದರೆ ಊರಿನ ಗುಡ್ಡದ ಮೇಲಿನ ಗುಡಿಯಲ್ಲಿ ಅದನ್ನು ದಿನಕ್ಕೊಂದು ಅಧ್ಯಾಯದಂತೆ ಓದುತ್ತಾರೆ. ಓದುವವನು ಬಾಲಪ್ಪಜ್ಜ. ಈ ವರ್ಷ ಅವನಿಗೆ ನೆಗಡಿಯಾಗಿ ಗಂಟಲು ಕಟ್ಟಿತ್ತು. ಮಾತಾಡಿದರೆ ಎಣ್ಣೆ ಕಾಣದ ಬಾಗಿಲು ತೆರೆದಂತೆ ಕೇಳಿಸುತ್ತಿತ್ತು. ಆದ್ದರಿಂದ ಶಾಲೆಯ ವಾಚನ ಸ್ಪರ್ಧೆಯಲ್ಲಿ ಫಸ್ಟ್ ಬಂದಿದ್ದ ದೀಪಿಕಾಳನ್ನು ಹುಡುಕಿಕೊಂಡು ಅವನೇ ಮನೆಗೆ ಬಂದಿದ್ದ.

“ಭಾನುವಾರದ ಅಧ್ಯಾಯ ನೀ ಓದಬೇಕವ್ವಾ. ಓದೂತನಕ ಏನೂ ತಿನ್ನಬಾರದು, ನೋಡು.”

“ಮೈಕ್ ಇರ್ತೈತೇನಜ್ಜಾ?”

“ಇರ್ತೈತಿ.”

“ಹಂಗಾರ ಓದ್ತೀನಿ.”

ಬಸ್ ಕಂಡಕ್ಟರ್ ಆಗಿದ್ದ ಅಪ್ಪನಿಗೆ ಯಲಬುರ್ಗಾ ಕಡೆಗೆ ವರ್ಗವಾದ ಮೇಲೆ ಅವರು ಗಂಗಾವತಿಯಿಂದ ಅಜ್ಜಿಯ ಊರಿಗೆ ಬಂದು ಮೂರು ತಿಂಗಳೂ ಆಗಿರಲಿಲ್ಲ. ಅಷ್ಟರಲ್ಲೇ ಮೈಕ್ ಸಿಗುವುದೆಂದರೆ ಸಣ್ಣ ಮಾತಲ್ಲ. ಆದರೆ ಒಪ್ಪಿಕೊಳ್ಳುವ ಮೊದಲು ಅಧ್ಯಾಯವನ್ನು ಓದಿ ನೋಡಬೇಕಿತ್ತು. ಅವಳು ಅದನ್ನು ಒಪ್ಪಿಕೊಂಡ ಮೇಲೆ ಓದಿದಳು.

ಅಧ್ಯಾಯದಲ್ಲಿ ಇದ್ದದ್ದು ನಿಂಬವ್ವನ ಕತೆ. ನಿಂಬವ್ವ ಊರಿಗೆ ಹೊಸದಾಗಿ ಬಂದ ಸೊಸೆ. ದೇವಿಯ ಹಬ್ಬಕ್ಕೆಂದು ಎರಡು ದಿನ ಉಪವಾಸವಿದ್ದು ಗುಡ್ಡಕ್ಕೆ ನೀರು ಹೊತ್ತಳು. ಕೊನೆಗೆ ಹಸಿವು ತಾಳಲಾರದೆ ಮೀಸಲು ರೊಟ್ಟಿಯಲ್ಲಿ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. ಮೀಸಲು ಎಂದರೆ ದೇವಿಗಾಗಿ ತೆಗೆದಿರಿಸಿದ್ದು. ನೈವೇದ್ಯವಾಗುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಗುಡದವ್ವ ಕೋಪಗೊಂಡು, “ಮೀಸಲು ಮುರಿದವಳೇ, ಕಲ್ಲಾಗು!” ಎಂದಳು. ಬಾಯಲ್ಲಿದ್ದ ತುತ್ತು ನುಂಗುವ ಮೊದಲೇ ನಿಂಬವ್ವ ಗುಡಿಯ ಬಾಗಿಲಲ್ಲಿ ಕಲ್ಲಾದಳು. ಅಧ್ಯಾಯ ಅಲ್ಲಿಗೆ ಮುಗಿಯಿತು.

“ಆಯಿ, ಹಸಿವಾದಾಗ ತಿನ್ನೋದು ತಪ್ಪೇನು?” ಎಂದು ದೀಪಿಕಾ ಅಜ್ಜಿಯನ್ನು ಕೇಳಿದಳು.

“ಹಸಿವಾದ್ರ ತಿನ್ನಬೇಕು. ತಪ್ಪ್ಯಾಕ ಆಗ್ತೈತಿ?”

“ಹಂಗಾರ ದೇವಿದು ತಪ್ಪು.”

“ಬಿಡ್ತು ಅನ್ನು! ದೇವಿ ತಪ್ಪು ಮಾಡಂಗಿಲ್ಲ.”

“ಹಂಗಾರ ನಿಂಬವ್ವಂದು ತಪ್ಪು.”

“ಪಾಪ, ಆಕಿ ಏನ್ ಮಾಡ್ಯಾಳ?”

ಒಂದೇ ಲೆಕ್ಕಕ್ಕೆ ಇಂಥ ಎರಡು ಉತ್ತರ ಬಂದರೆ, ಮೊದಲಿನಿಂದ ಬಿಡಿಸು ಎಂದು ಟೀಚರ್ ಹೇಳುತ್ತಾರೆ. ಆಯಿ ಮಾತ್ರ ರೊಟ್ಟಿಯನ್ನು ಮಗುಚಿ ಹಾಕಿದಳು.

ಸಂಜೆ ಡ್ಯೂಟಿ ಮುಗಿಸಿ ಬಂದ ಅಪ್ಪನಿಗೆ ದೀಪಿಕಾ ಆ ಸಾಲನ್ನು ತೋರಿಸಿದಳು. ಅಪ್ಪ ಪುಸ್ತಕವನ್ನು ಬಲ್ಬಿನ ಹತ್ತಿರ ಹಿಡಿದು ನೋಡಿದ.

“ಪ್ರಿಂಟಿಂಗ್ ಮಿಸ್ಟೇಕ್ ಇದು. ‘ಚಲೋ ಆಗು’ ಅಂತ ಇದ್ದೀತು, ‘ಕಲ್ಲಾಗು’ ಅಂತ ಬಿದ್ದೈತಿ.”

“ಚಲೋ ಆಗು ಅಂದ್ರ ಆಕಿ ಮುಂದ ಯಾಕ ಕಲ್ಲಾದ್ಲು?”

“ಅದೂ ಮಿಸ್ಟೇಕ್.”

“ಅಲ್ಲೆ ದೇವಿ ಸಿಟ್ಟಾದ್ಲು ಅಂತ ಐತಲ್ಲಪ್ಪಾ?”

“ಏ, ಸಾಕ್ ಮಾಡು. ದೇವರ ಪುಸ್ತಕದಾಗ ಮಿಸ್ಟೇಕ್ ಹುಡುಕಬಾರದು,” ಎಂದು ಅಪ್ಪ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಹಿಂದಕ್ಕೆ ಕೊಟ್ಟ.

ಮರುದಿನ ಶನಿವಾರ. ಬೆಳಗಿನ ಶಾಲೆ ಮುಗಿಸಿ ಬರುವಾಗ ಅವಳು ಗೆಳತಿ ಮುಸ್ಕಾನಳಿಗೆ ಎಲ್ಲವನ್ನೂ ಹೇಳಿದಳು.

“ನಮ್ಮ ಮನ್ಯಾಗೂ ಹಂಗ ಐತೆ,” ಎಂದಳು ಮುಸ್ಕಾನ. “ಏನರ ಕೇಳಿದ್ರ, ದೊಡ್ಡಾಕಿ ಆದ ಮ್ಯಾಲೆ ತಿಳಿತೈತಿ ಅಂತಾರ.”

“ನಿಮ್ಮಕ್ಕ ದೊಡ್ಡಾಕಿ ಆಗ್ಯಾಳಲ್ಲ, ಆಕಿಗೆ ತಿಳದೈತೇನು?”

“ಇಲ್ಲ. ಆಕಿನೂ ಈಗ ನನಗ ಹಂಗ ಹೇಳ್ತಾಳ.” ಮುಸ್ಕಾನ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. “ನೀ ಯಾಕಿಷ್ಟು ತಲಿ ಕೆಡಿಸ್ಕೊಂತಿ, ಗಂಗಾವತಿ ಅಕ್ಕಿ? ಹೋಗಿ ಅಯ್ಯನಾರನ್ನ ಕೇಳು.” ಭತ್ತದ ಊರಿನಿಂದ ಬಂದ ದೀಪಿಕಾಳಿಗೆ ಶಾಲೆಯಲ್ಲಿ ಬಿದ್ದಿದ್ದ ಅಡ್ಡಹೆಸರು ಅದು.

ಅಯ್ಯನವರೆಂದರೆ ಗುಡಿಯ ಪೂಜಾರಿ ವಿರುಪಾಕ್ಷಯ್ಯ. ಬಾಲಪ್ಪಜ್ಜ ಓದಿದ್ದಕ್ಕೆ ಅರ್ಥ ಬಿಡಿಸಿ ಹೇಳುವವರೂ ಅವರೇ. ದೀಪಿಕಾಳ ಪ್ರಶ್ನೆ ಕೇಳಿ ಅವರು ಸಂತೋಷಪಟ್ಟರು.

“ಕಲ್ಲು ಅಂದ್ರೇನು? ಅಲುಗಾಡದ್ದು. ನಿಂಬವ್ವನ ಮನಸ್ಸು ಅಲುಗಾಡದಂಗ ದೇವಿ ಮಾಡಿದ್ಲು. ಅದು ಶಾಪ ಅಲ್ಲವ್ವಾ, ಪ್ರಮೋಷನ್.”

“ಹಂಗಾರ ನೀವೂ ಒಂದಿನ ಮೀಸಲು ಮುರದು ತಿನ್ರಿ, ಅಯ್ಯನಾರ. ನಿಮಗೂ ಪ್ರಮೋಷನ್ ಆಗ್ತೈತಿ.”

ಅಯ್ಯನವರು ಸಕ್ಕರೆಯ ಡಬ್ಬಿಗೆ ಕೈ ಹಾಕಿದರು. ಆಮೇಲೆ, “ಭಾಳ ಶಾಣ್ಯಾಕಿ ಅದೀ,” ಎಂದು ಅವಳ ಅಂಗೈಗೆ ಸಕ್ಕರೆ ಹಾಕಿದರು. ಸಕ್ಕರೆ ಹಾಕಿದರೆಂದರೆ ಮಾತು ಮುಗಿಯಿತು ಎಂದರ್ಥ. ಇದು ಊರಿನ ಮಕ್ಕಳಿಗೆಲ್ಲ ಗೊತ್ತು. ಅವಳು ಮೆಟ್ಟಿಲಿಳಿಯುವಾಗ ಅವರು ಹಿಂದಿನಿಂದ ಕೂಗಿ ಹೇಳಿದರು: “ಒಂದಕ್ಷರ ಸೈತ ಬದಲಾಗಬಾರದು, ನೆನಪಿರ್ಲಿ! ಅದು ದೇವಿ ಬಾಯಿಂದ ಬಂದದ್ದು!”

ಮನೆಗೆ ಹೋಗುವ ದಾರಿಯಲ್ಲಿ ದೀಪಿಕಾ ಎಲ್ಲ ಉತ್ತರಗಳನ್ನೂ ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಿದಳು. ಅಪ್ಪ ಹೇಳಿದ್ದು ಸರಿಯಾದರೆ ಅದು ಅಚ್ಚಿನ ತಪ್ಪು, ತಪ್ಪನ್ನು ತಿದ್ದಬೇಕು. ಅಯ್ಯನವರು ಹೇಳಿದ್ದು ಸರಿಯಾದರೆ ದೇವಿ ಹೇಳಿದ್ದು ಒಳ್ಳೆಯ ಮಾತು. ಒಳ್ಳೆಯ ಮಾತನ್ನು ಒಳ್ಳೆಯ ಶಬ್ದದಲ್ಲೇ ಹೇಳಬಹುದು. ಹೇಗೆ ನೋಡಿದರೂ ಸಾಲನ್ನು ಬದಲಿಸಿದರೆ ಬೇಡವೆನ್ನಲು ಯಾರಿಗೂ ಕಾರಣವಿರಲಿಲ್ಲ. ಹೊಸ ಸಾಲನ್ನು ಅವಳು ಮನಸ್ಸಿನಲ್ಲೇ ಹೊಂದಿಸಿಕೊಂಡು, ರಾಗ ಕೂಡುತ್ತದೆಯೇ ಎಂದು ಮೆಲ್ಲಗೆ ಹಾಡಿ ನೋಡಿದಳು. ಕೂಡಿತು.

ಭಾನುವಾರ ಬೆಳಿಗ್ಗೆ ಗುಡಿಯ ತುಂಬ ಹೆಂಗಸರು. ಪ್ರತಿಯೊಬ್ಬರ ಮುಂದೆಯೂ ಬಟ್ಟೆ ಮುಚ್ಚಿದ ಬುಟ್ಟಿ. ಒಳಗೆ ಬಿಸಿ ರೊಟ್ಟಿ, ಬೆಣ್ಣೆ, ಎಣ್ಣೆಗಾಯಿ, ಶೇಂಗಾ ಚಟ್ನಿ; ಎಲ್ಲವೂ ದೇವಿಗೆ ಮೀಸಲು. ಆ ವಾಸನೆಗೆ ಉಪವಾಸವಿದ್ದ ದೀಪಿಕಾಳ ಹೊಟ್ಟೆ ಗುರ್ ಎಂದಿತು. ಮೈಕ್ ಒಳ್ಳೆಯ ಕಂಪನಿಯದು. ಅದು ಇಡೀ ಊರಿಗೆ ಕೇಳಿಸಿತು.

“ಪುರಾಣ ಸುರು ಆತು ನೋಡ್ರೆ,” ಎಂದು ಯಾರೋ ನಗಾಡಿದರು.

ದೀಪಿಕಾ ಓದತೊಡಗಿದಳು. ನಿಂಬವ್ವ ನೀರು ಹೊತ್ತಳು. ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಓದುತ್ತಿದ್ದ ದೀಪಿಕಾಳ ಕಣ್ಣಿಗೂ ಸ್ವಲ್ಪ ಕತ್ತಲೆ ಕಟ್ಟಿತು; ಎರಡು ದಿನದ ಉಪವಾಸ ಹೇಗಿರುತ್ತದೆ ಎಂಬುದಕ್ಕೆ ಒಂದು ಬೆಳಗಿನ ಹಸಿವೇ ಸಾಕಷ್ಟು ಪುರಾವೆಯಾಗಿತ್ತು. ಎಲ್ಲರಿಗಿಂತ ಹಿರಿಯಳಾದ ಯಂಕವ್ವ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದಳು. ಆ ಸಾಲು ಬಂತು. ದೀಪಿಕಾ ಉಸಿರೆಳೆದುಕೊಂಡು ಓದಿದಳು:

“ಹಸಿದು ಬಂದವಳೇ, ಹೊಟ್ಟೆ ತುಂಬ ಉಣ್ಣು!”

ಯಂಕವ್ವ ಕಣ್ಣು ತೆರೆದಳು.

“ಏನಂದಿ?”

“ನೀ ಮಕ್ಕೊಂಡಿದ್ದೆಲ್ಲಬೇ?” ಎಂದಳು ಪಕ್ಕದಲ್ಲಿದ್ದ ಶಾಂತಕ್ಕ.

“ಸರಿ ಓದಿದ್ರ ನಿದ್ದಿ, ತಪ್ಪು ಓದಿದ್ರ ಎಚ್ಚರ,” ಎಂದ ಯಂಕವ್ವ ದೀಪಿಕಾಳ ಕಡೆಗೆ ತಿರುಗಿದಳು. “ಹಂಗಿಲ್ಲವ್ವಾ ಅದು. ಇನ್ನೊಮ್ಮಿ ಓದು.”

“ಪುಸ್ತಕದಾಗ ಇದ್ದಂಗ ಓದವಾ,” ಎಂದು ಬಾಲಪ್ಪಜ್ಜ ಕಟ್ಟಿದ ಗಂಟಲಲ್ಲಿ ಕಿರುಗುಟ್ಟಿದ. ಅಯ್ಯನವರು ಕೆಮ್ಮಿದರು. ಮುಂದೇನಾಗುತ್ತದೆ ಎಂದು ದೀಪಿಕಾಳಿಗೆ ಗೊತ್ತಾಯಿತು. ಪುಸ್ತಕವನ್ನು ಅವಳ ಕೈಯಿಂದ ಕಿತ್ತುಕೊಂಡು ಬೇರೆ ಯಾರಿಗಾದರೂ ಕೊಡುತ್ತಾರೆ. ನಾಳೆ ಶಾಲೆಯಲ್ಲೂ ಅದೇ ಮಾತು. ಆದರೂ ಬಾಯಿ ತಾನಾಗಿ ಹೇಳಿಬಿಟ್ಟಿತು:

“ಆಕಿಗೆ ಹಸಿವಾಗಿತ್ತು!”

ಆ ಮಾತೂ ಮೈಕಿನಲ್ಲಿ ಹೋಗಿ, ಕೆಳಗಿನ ಬಸ್ ಸ್ಟಾಪಿನವರೆಗೆ ಕೇಳಿಸಿತು.

ಯಾರೂ ಬೈಯಲಿಲ್ಲ. ಯಂಕವ್ವ ತಲೆಯಾಡಿಸಿದಳು. “ಹೂಂನವ್ವಾ, ಹಸಿವಾಗಿತ್ತು. ಅದಕ್ಕ ಅನ್ನಾಕ್ಹತ್ತೀನಿ, ಇದ್ದಂಗ ಓದು.”

ಇದು ಯಾವ ಬಗೆಯ ಕಾರಣವೆಂದು ದೀಪಿಕಾಳಿಗೆ ತಿಳಿಯಲಿಲ್ಲ. ಅವಳು ಆಯಿಯ ಕಡೆಗೆ ನೋಡಿದಳು. ಆಯಿ ಆಗಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ದೀಪಿಕಾ ಬೆರಳನ್ನು ಸಾಲಿನ ಕೆಳಗಿಟ್ಟು, ಇದ್ದದ್ದನ್ನು ಇದ್ದಂತೆಯೇ ಓದಿದಳು.

“ಮೀಸಲು ಮುರಿದವಳೇ, ಕಲ್ಲಾಗು!”

ಕೊನೆಯ ಶಬ್ದಕ್ಕೆ ಅವಳ ದನಿ ಒಡೆಯಿತು. ಅದು ಮುಗಿಯುವಷ್ಟರಲ್ಲೇ ಗುಡಿಯಲ್ಲಿದ್ದ ಹೆಂಗಸರೆಲ್ಲ ಎದ್ದು ನಿಂತಿದ್ದರು.

ಅವರು ದೇವಿಯ ಕಡೆಗೆ ಹೋಗಲಿಲ್ಲ. ಬುಟ್ಟಿಗಳನ್ನು ಎತ್ತಿಕೊಂಡು ದೇವಿಗೆ ಬೆನ್ನು ಮಾಡಿ ಬಾಗಿಲಿಗೆ ನಡೆದರು. ಬಾಗಿಲ ಬಲಕ್ಕೆ ಮೊಣಕಾಲೆತ್ತರದ ಒಂದು ಕರಿಕಲ್ಲು ಇತ್ತು. ಆಯಿ ರೊಟ್ಟಿಗೆ ಬೆಣ್ಣೆ ಸವರಿ, ಎಣ್ಣೆಗಾಯಿ ಇಟ್ಟು, ಒಂದು ತುತ್ತು ಮಾಡಿ ಕಲ್ಲಿಗೆ ಮುಟ್ಟಿಸಿದಳು.

“ಉಣ್ಣು ನಮ್ಮವ್ವಾ ನಿಂಬವ್ವಾ, ಉಣ್ಣು. ಭಾಳ ಹಸದೀ.”

ಅವಳ ಹಿಂದೆ ಶಾಂತಕ್ಕ, ಅವಳ ಹಿಂದೆ ಇನ್ನೊಬ್ಬಳು. ಕಲ್ಲಿನ ನೆತ್ತಿ ಬೆಣ್ಣೆಯಿಂದ ಮಿನುಗತೊಡಗಿತು. ಒಳಗೆ ನೈವೇದ್ಯ ಇನ್ನೂ ಆಗಿರಲಿಲ್ಲ. ಒಂದಕ್ಷರವೂ ಬದಲಾಗಬಾರದು ಎಂದಿದ್ದ ಅಯ್ಯನವರು ಗಂಟೆ ಹಿಡಿದು, ಗುಡಿಯ ಸೂರನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತಿದ್ದರು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ದೀಪಿಕಾ ಪುಸ್ತಕದ ಹಾಳೆಗಳನ್ನು ಹಿಂದೆ ಮುಂದೆ ತಿರುವಿದಳು. ಆಮೇಲೆ ಎದ್ದು ಬಾಗಿಲಿಗೆ ಬಂದಳು.

“ಆಯಿ, ಇದು ಪುಸ್ತಕದಾಗ ಇಲ್ಲ.”

“ಪುಸ್ತಕದಾಗ ಯಾಕಿರ್ತೈತಿ? ಅದು ದೇವಿ ಹೇಳಿದ್ದು. ಇದು ನಾವು ಮಾಡೂದು.”

“ಎಲ್ಲಾರೂ ಮೀಸಲು ಮುರದೀರಿ. ದೇವಿಗೆ ಸಿಟ್ಟು ಬರಂಗಿಲ್ಲೇನು?”

“ಬರವಲ್ದ್ಯಾಕ. ವರ್ಷದಾಗ ಒಂದಿನ ಆಕಿನೂ ಹಸಕೊಂಡು ಕುಂದ್ರಲಿ. ತಿಳಿತೈತಿ.”

“ಮತ್ತ ದೇವಿ ತಪ್ಪು ಮಾಡಂಗಿಲ್ಲ ಅಂದಿದ್ದಿ?”

“ಮಾಡಂಗಿಲ್ಲ,” ಎಂದು ಆಯಿ ತಿರುಗಿ ಒಳಗಿನ ದೇವಿಗೆ ಭಕ್ತಿಯಿಂದ ಕೈಮುಗಿದಳು. ಬೆಣ್ಣೆ ಇನ್ನೂ ಅವಳ ಬೆರಳಿನಲ್ಲೇ ಇತ್ತು.

ಯಂಕವ್ವ ಕಲ್ಲಿನ ಪಕ್ಕ ಮೆಲ್ಲಗೆ ಕೂತು, ಅದರ ಬೆನ್ನು ಸವರಿದಳು. “ನೀ ಆ ಸಾಲು ತಗದು ಹಾಕಿದ್ದಿ ಅಂದ್ರ, ಇದು ಬರೇ ಕಲ್ಲವ್ವಾ. ಇದಕ್ಕ ಯಾರು ಉಣಸ್ತಿದ್ರು?”

ದೀಪಿಕಾ ಕಲ್ಲನ್ನೇ ನೋಡಿದಳು. ಎಷ್ಟೋ ವರ್ಷ ಎಷ್ಟೋ ಕೈಗಳು ಸವರಿ ಸವರಿ ಅದರ ನೆತ್ತಿ ನುಣ್ಣಗಾಗಿತ್ತು. ಅವಳಿಗೆ ಇನ್ನೂ ಕೇಳಬೇಕಾದ ಒಂದೆರಡು ಪ್ರಶ್ನೆಗಳಿದ್ದವು. ಆದರೆ ಅಷ್ಟರಲ್ಲಿ ಆಯಿ ಕಲ್ಲಿಗೆ ಮುಟ್ಟಿಸಿದ ರೊಟ್ಟಿಯನ್ನು ಮಡಚಿ ಅವಳ ಕೈಗಿಟ್ಟಳು.

“ತಿನ್ನು. ಓದಿದಾಕಿ ಮೊದಲು ತಿನ್ನಬೇಕು.”

“ನೈವೇದ್ಯ ಇನ್ನೂ ಆಗಿಲ್ಲ, ಆಯಿ.”

“ಅದಕ್ಕ ತಿನ್ನು ಅನ್ನೂದು.”

ದೀಪಿಕಾ ಯಂಕವ್ವನ ಎದುರಿಗೆ, ಕಲ್ಲಿನ ಇನ್ನೊಂದು ಪಕ್ಕಕ್ಕೆ ಕೂತಳು. ಮೊದಲ ತುತ್ತನ್ನು ಅವಸರದಿಂದ ಬಾಯಿಗೆ ಹಾಕಿಕೊಂಡು, ಅಗಿಯದೆ ಒಂದು ಕ್ಷಣ ಕಾದಳು. ಏನೂ ಆಗಲಿಲ್ಲ. ರೊಟ್ಟಿ ರುಚಿಯಾಗಿತ್ತು.

ಒಳಗಿನಿಂದ ಅಯ್ಯನವರ ದನಿ ಬಂತು. “ಆತೇನ್ರವ್ವಾ? ದೇವಿ ಕಾಯಾಕ್ಹತ್ಯಾಳ.”

“ಸ್ವಲ್ಪ ತಡೀರಿ, ಅಯ್ಯನಾರ,” ಎಂದಳು ಯಂಕವ್ವ. “ಹುಡುಗಿ ಇನ್ನೂ ತಿನ್ನಾಕ್ಹತ್ಯಾಳ.”

ಅಯ್ಯನವರು ಗಂಟೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು.

ಕತ್ತಲ ಗರ್ಭಗುಡಿಯಿಂದ ದೇವಿಯ ಬೆಳ್ಳಿಯ ಕಣ್ಣುಗಳು ನೇರವಾಗಿ ಬಾಗಿಲನ್ನೇ ನೋಡುತ್ತಿದ್ದವು. ದೀಪಿಕಾ ಆ ಕಣ್ಣುಗಳನ್ನು ನೋಡಿದಳು. ನಿಂಬವ್ವನ ಕಡೆಗೆ ಸ್ವಲ್ಪ ಸರಿದು, ಕಲ್ಲಿಗೆ ಭುಜ ಆನಿಸಿ ಕೂತು, ಎರಡನೆಯ ತುತ್ತು ಮುರಿದಳು. ಅದನ್ನು ಅವಳು ಚೆನ್ನಾಗಿ ಅಗಿದು ತಿಂದಳು. ಯಾವ ಅವಸರವನ್ನೂ ಮಾಡಲಿಲ್ಲ.